ಹೊಸ ಕಿಟಕಿ ಯಾರು ತೆರೆಯಬೇಕು?

ಸಿಇಟಿ ರ‍್ಯಾಂಕ್ ಪ್ರಕಟವಾಗಿ ಆಪ್ಷನ್ ಎಂಟ್ರಿ ಶುರುವಾಯಿತೆಂದರೆ ತ್ಯಾಗರಾಜನಗರದಂಥ ಬಡಾವಣೆಯ ಎಷ್ಟೋ ಮನೆಗಳಲ್ಲಿ ಊಟದ ಮೇಜು ಕಚೇರಿಯಾಗಿಬಿಡುತ್ತದೆ. ಮೇಜಿನ ಒಂದು ಬದಿಗೆ ಕಾಲೇಜುಗಳ ಪಟ್ಟಿ, ಇನ್ನೊಂದು ಬದಿಗೆ ಹೋದ ವರ್ಷದ ಕಟ್‌ಆಫ್ ಹಾಳೆಗಳು, ನಡುವೆ ಲ್ಯಾಪ್‌ಟಾಪ್. ಮಗಳು ಕೀಲಿಮಣೆಯ ಮುಂದೆ, ಅಪ್ಪ ಕನ್ನಡಕ ಹಣೆಗೇರಿಸಿಕೊಂಡು ಅವಳ ಬೆನ್ನ ಹಿಂದೆ. ಅಮ್ಮ ಫೋನಿನಲ್ಲಿ, ಅಕ್ಕನ ಮಗ ಯಾವ ಕಾಲೇಜು ಬರೆದನೆಂದು ವಿಚಾರಿಸುತ್ತಿರುತ್ತಾರೆ.

‘ಆ ಕಾಲೇಜಿನ ಹಾಸ್ಟೆಲ್ ಫೀಸು ಎಷ್ಟಿದೆ ನೋಡಮ್ಮ’ ಎನ್ನುತ್ತಾರೆ ಅಪ್ಪ. ಮಗಳು ಒಂದು ಕೊಂಡಿ ಒತ್ತುತ್ತಾಳೆ. ಕಾಲೇಜಿನ ಜಾಲತಾಣ ಹೊಸ ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿ ಹಾಸ್ಟೆಲ್ ಎಂಬ ಕೊಂಡಿ. ಅದಕ್ಕೆ ಮತ್ತೊಂದು ಕಿಟಕಿ. ಶುಲ್ಕದ ವಿವರಕ್ಕೆ ಇನ್ನೊಂದು. ಹತ್ತು ನಿಮಿಷದಲ್ಲಿ ಪರದೆಯ ಮೇಲಂಚಿನಲ್ಲಿ ಹನ್ನೊಂದು ಟ್ಯಾಬುಗಳು ಒತ್ತೊತ್ತಾಗಿ ಕೂತಿರುತ್ತವೆ. ‘ನಮ್ಮ ಪಟ್ಟಿ ಎಲ್ಲಿ ಹೋಯ್ತು? ಹಿಂದೆ ಹೋಗು.’ ‘ಹಿಂದೆ ಹೋಗೋ ಬಾಣ ಬೂದು ಬಣ್ಣಕ್ಕೆ ತಿರುಗಿದೆ ಅಪ್ಪಾ, ಒತ್ತಿದ್ರೂ ಏನೂ ಆಗ್ತಿಲ್ಲ.’

ಆ ಬಾಣ ಬೂದು ಬಣ್ಣಕ್ಕೆ ತಿರುಗಿದ್ದು ಕಂಪ್ಯೂಟರ್ ಕೆಟ್ಟದ್ದರಿಂದಲ್ಲ, ಮಗಳ ತಪ್ಪಿನಿಂದಲೂ ಅಲ್ಲ. ಹೊಸದಾಗಿ ತೆರೆದ ಕಿಟಕಿಗೆ ‘ಹಿಂದೆ’ ಎಂಬುದೇ ಇರುವುದಿಲ್ಲ. ಅದರ ಮಟ್ಟಿಗೆ ಪ್ರಪಂಚ ಆಗಷ್ಟೇ ಹುಟ್ಟಿದೆ. ಕೊಂಡಿಯನ್ನು ಒತ್ತಿದಾಗ ಮುಂದಿನ ಪುಟ ಅದೇ ಕಿಟಕಿಯಲ್ಲಿ ಬರಬೇಕೋ ಹೊಸ ಕಿಟಕಿಯಲ್ಲಿ ಬರಬೇಕೋ ಎಂಬುದು ತಾಣ ಕಟ್ಟುವವರ ಒಳಜಗಳದಂತೆ ಕೇಳಿಸುತ್ತದೆ. ಜಗಳ ಹಳೆಯದೂ ಹೌದು, ಕಾಲು ಶತಮಾನ ದಾಟಿದೆ. ಆದರೆ ಪಟ್ಟಿಯ ಕ್ರಮಸಂಖ್ಯೆಯ ಮೇಲೆ ನಾಲ್ಕು ವರ್ಷದ ಓದು ನಿಂತಿರುವಾಗ ಅದು ಊಟದ ಮೇಜಿನ ವಿಷಯವೂ ಆಗುತ್ತದೆ.

ಹಿಂದೆ ಹೀಗಿರಲಿಲ್ಲ. ಕೌನ್ಸೆಲಿಂಗ್ ಎಂದರೆ ಮಲ್ಲೇಶ್ವರದ ಸಂಪಿಗೆ ರಸ್ತೆ, ಹದಿನೆಂಟನೇ ಅಡ್ಡರಸ್ತೆ. ಸರದಿ ಬರುವ ತನಕ ಕಾದು, ಯಾವ ಕಾಲೇಜಿನಲ್ಲಿ ಯಾವ ಸೀಟು ಉಳಿದಿದೆಯೆಂದು ನೋಡಿ, ಅಲ್ಲೇ ತೀರ್ಮಾನ ಹೇಳಬೇಕಿತ್ತು. ಈಗ ಸರದಿಯಿಲ್ಲ. ಪರೀಕ್ಷಾ ಪ್ರಾಧಿಕಾರದ ಕಚೇರಿ ಅಲ್ಲೇ ಇದ್ದರೂ ಕೆಲಸ ಬಹುಮಟ್ಟಿಗೆ ಮನೆಯಲ್ಲೇ ನಡೆಯುತ್ತದೆ. ಜೊತೆಗೆ ಕಾಮೆಡ್‌ಕೆ, ಜೋಸಾ ಎಂದು ಬೇರೆ ಬೇರೆ ತಾಣಗಳು, ಒಂದೊಂದಕ್ಕೂ ಒಂದೊಂದು ಗುಪ್ತಪದ. ಬೆಳಗಿನ ಬಸ್ಸಿನ ನೂಕಾಟ ತಪ್ಪಿತು, ಸರಿ. ದಾರಿ ತಪ್ಪುವ ಸಾಧ್ಯತೆ ಮಾತ್ರ ರಸ್ತೆಯಿಂದ ಪರದೆಗೆ ಬಂತು.

ಕೊಂಡಿ ಎಂಬುದು ಮೂಲದಲ್ಲಿ ಬಹಳ ಸರಳವಾದ ಸಾಧನ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾಲಯದಲ್ಲಿ ಈ ಜಾಲದ ಪ್ರಸ್ತಾಪ ಮಂಡಿಸಿದರು. ಜಾಲ ಜನರ ಕೈಗೆ ಬಂದಾಗ ರೂಢಿಗೆ ನಿಂತ ಕ್ರಮ ಇದು: ಕೊಂಡಿ ಒತ್ತಿದರೆ ಇರುವ ಪುಟ ಹೋಗಿ ಹೊಸ ಪುಟ ಬರುತ್ತದೆ, ‘ಹಿಂದೆ’ ಒತ್ತಿದರೆ ಹಳೆಯದು ಮರಳುತ್ತದೆ. ತ್ಯಾಗರಾಜನಗರದಿಂದ ಎನ್.ಆರ್. ಕಾಲೊನಿ ಹಾದು ಗಾಂಧಿಬಜಾರಿಗೆ ನಡೆದು ಹೋದವನು ತರಕಾರಿ ಚೀಲ ಹಿಡಿದು ಅದೇ ದಾರಿಯಲ್ಲಿ ವಾಪಸು ಬರುವಂತೆ. ದಾರಿ ಅವನಿಗೆ ಗೊತ್ತು, ಏಕೆಂದರೆ ಅವನೇ ನಡೆದದ್ದು. ಹೊಸ ಕಿಟಕಿ ತೆರೆದಾಗ ಆಗುವುದೇ ಬೇರೆ. ಯಾರೋ ಕಣ್ಣಿಗೆ ಬಟ್ಟೆ ಕಟ್ಟಿ ಆಟೋದಲ್ಲಿ ಕೂರಿಸಿ ಗಾಂಧಿಬಜಾರಿನ ನಡುವೆ ಇಳಿಸಿದ ಹಾಗೆ. ಅಂಗಡಿ ಎದುರಿಗೇ ಇದೆ, ನಿಜ. ಮನೆ ಯಾವ ಕಡೆಗೆ?

ಈ ಆಟೋ ಓಡಲು ಆರಂಭಿಸಿದ್ದು 1996ರ ಸುಮಾರಿಗೆ. ನೆಟ್‌ಸ್ಕೇಪ್ ನ್ಯಾವಿಗೇಟರ್ ಎಂಬ ಆ ಕಾಲದ ಜನಪ್ರಿಯ ಬ್ರೌಸರಿನ ಎರಡನೇ ಆವೃತ್ತಿ, ಒಂದೇ ಕಿಟಕಿಯನ್ನು ಹಲವು ಚೌಕಗಳಾಗಿ ಸೀಳುವ ‘ಫ್ರೇಮ್’ ಎಂಬ ಸೌಲಭ್ಯ ತಂದಿತು. ಎಡಗಡೆಯ ಚೌಕದಲ್ಲಿ ಪರಿವಿಡಿ, ಬಲಗಡೆ ವಿಷಯ. ಎಡಗಡೆ ಒತ್ತಿದರೆ ಬಲಗಡೆ ತೆರೆಯಬೇಕಲ್ಲ, ಅದಕ್ಕಾಗಿ ‘ಟಾರ್ಗೆಟ್’ ಎಂಬ ಗುಣಪದವನ್ನು ಕೊಂಡಿಗೆ ಸೇರಿಸಿದರು. ಟಾರ್ಗೆಟ್‌ಗೆ ‘ಬ್ಲ್ಯಾಂಕ್’ ಎಂದು ಕೊಟ್ಟರೆ ಖಾಲಿ ಕಿಟಕಿಯೊಂದು ಹೊಸದಾಗಿ ಹುಟ್ಟುತ್ತಿತ್ತು. ಫ್ರೇಮುಗಳು ಕಾಲಾನಂತರ ಮೂಲೆ ಸೇರಿದವು. ಬ್ಲ್ಯಾಂಕ್ ಉಳಿಯಿತು, ಏಕೆಂದರೆ ತಾಣದ ಒಡೆಯರಿಗೆ ಅದರಲ್ಲಿ ಬೇರೊಂದು ಲಾಭ ಕಂಡಿತ್ತು. ಓದುಗ ಹೊರಗಿನ ತಾಣಕ್ಕೆ ಹೋದರೂ ತಮ್ಮ ಅಂಗಡಿಯ ಬಾಗಿಲು ಅವನ ಪರದೆಯಲ್ಲಿ ತೆರೆದೇ ಇರುತ್ತದೆ ಎಂಬ ಲೆಕ್ಕಾಚಾರ. ಅದೇ ದಶಕದಲ್ಲಿ ಕೇಳದೆಯೇ ಎದುರಿಗೆ ನೆಗೆಯುವ ಜಾಹೀರಾತು ಕಿಟಕಿಗಳೂ ಬಂದವು. ಅಂಥ ಮೊದಲ ಕಿಟಕಿಗೆ ಕೋಡ್ ಬರೆದವರಲ್ಲಿ ಒಬ್ಬರಾದ ಅಮೆರಿಕದ ಈಥನ್ ಝುಕರ್‌ಮನ್ 2014ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು.

ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮರುವರ್ಷ ಬ್ರಿಗೇಡ್ ರಸ್ತೆಯಲ್ಲಿ ಶುರುವಾದ ಕಾಫಿ ಡೇಯಲ್ಲಿ ಕಾಫಿಯ ಜೊತೆ ಇಂಟರ್‌ನೆಟ್ಟೂ ಸಿಗುತ್ತಿತ್ತು. ನಂತರ ಬೀದಿಬೀದಿಗೂ ಸೈಬರ್ ಕೆಫೆ ಬಂದವು. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ದೂರವಾಣಿ ತಂತಿಯಲ್ಲಿ ಪುಟವೊಂದು ಗೆರೆಗೆರೆಯಾಗಿ ಇಳಿದು ಬರುವುದನ್ನು ಕಾಯುತ್ತಿದ್ದ ಆ ದಿನಗಳಲ್ಲಿ ಹೊಸ ಕಿಟಕಿಗೆ ನ್ಯಾಯವಾದ ಕಾರಣವೊಂದಿತ್ತು ಎಂಬುದನ್ನೂ ಹೇಳಬೇಕು. ಒಂದು ಕಿಟಕಿಯಲ್ಲಿ ಓದುತ್ತಿರುವಾಗ ಇನ್ನೊಂದರಲ್ಲಿ ಮುಂದಿನ ಪುಟ ಇಳಿಯುತ್ತಿರಲಿ ಎಂದು ಜಾಣ ವಿದ್ಯಾರ್ಥಿಗಳು ಮೌಸಿನ ಬಲಗುಂಡಿ ಒತ್ತಿ ‘ಹೊಸ ಕಿಟಕಿಯಲ್ಲಿ ತೆರೆ’ ಎನ್ನುತ್ತಿದ್ದರು. ದುಡ್ಡು ಉಳಿಯುತ್ತಿತ್ತು. ಇಲ್ಲಿ ಗಮನಿಸಬೇಕಾದದ್ದು, ಕಿಟಕಿ ತೆರೆದವನು ಓದುಗ. ಯಾವುದನ್ನು ಯಾವಾಗ ತೆರೆದೆನೆಂದು ಅವನಿಗೆ ಗೊತ್ತಿತ್ತು. ತಾಣದವರೇ ತೆರೆಯುತ್ತಾ ಹೋದಾಗ ಕಡಿಮೆ ಮೆಮೊರಿಯ ಆ ಯಂತ್ರಗಳು ಏಳೆಂಟು ಕಿಟಕಿಗಳ ಭಾರಕ್ಕೆ ಉಸಿರುಕಟ್ಟಿ ನಿಲ್ಲುತ್ತಿದ್ದವು. ಕೆಫೆಯ ಹುಡುಗ ಬಂದು ಯಂತ್ರವನ್ನು ಆರಿಸಿ ಮತ್ತೆ ಹಚ್ಚುತ್ತಿದ್ದ. ಗಡಿಯಾರ ಮಾತ್ರ ಓಡುತ್ತಲೇ ಇರುತ್ತಿತ್ತು.

ಆಕ್ಷೇಪ ಎದ್ದದ್ದೂ ಆಗಲೇ. 1997ರ ಡಿಸೆಂಬರಿನಲ್ಲಿ ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಒಕ್ಕೂಟ ಎಚ್‌ಟಿಎಂಎಲ್‌ನ ನಾಲ್ಕನೇ ಆವೃತ್ತಿಯನ್ನು ಹೊರತಂದಾಗ, ಅದರ ಕಟ್ಟುನಿಟ್ಟಿನ ರೂಪದಲ್ಲಿ ಟಾರ್ಗೆಟ್‌ಗೆ ಜಾಗವೇ ಇರಲಿಲ್ಲ. 1999ರ ಮೇ ತಿಂಗಳಲ್ಲಿ ಎರಡು ಕಡೆಯಿಂದ ಒಂದೇ ಮಾತು ಬಂತು. ಬಳಕೆದಾರರ ಅನುಭವವನ್ನು ಅಧ್ಯಯನ ಮಾಡುತ್ತಿದ್ದ ಡೆನ್ಮಾರ್ಕ್ ಮೂಲದ ಯಾಕೋಬ್ ನೀಲ್ಸನ್, ಜಾಲತಾಣ ರಚನೆಯ ಹತ್ತು ಹೊಸ ತಪ್ಪುಗಳನ್ನು ಪಟ್ಟಿ ಮಾಡಿದರು. ಮೊದಲ ತಪ್ಪು ‘ಹಿಂದೆ’ ಗುಂಡಿಯನ್ನು ಕೆಡಿಸುವುದು. ಎರಡನೆಯದು ಹೊಸ ಕಿಟಕಿ ತೆರೆಯುವುದು. ಅದೇ ತಿಂಗಳು ಅಂಗವಿಕಲರಿಗೂ ಜಾಲ ಎಟುಕಬೇಕೆಂದು ಡಬ್ಲ್ಯೂ3ಸಿ ಹೊರಡಿಸಿದ ಮೊದಲ ಸೂಚಿಗಳು, ಬಳಕೆದಾರನಿಗೆ ತಿಳಿಸದೆ ಕಿಟಕಿ ಬದಲಿಸಬಾರದೆಂದವು. ಕೇಳಿದವರು ಕಡಿಮೆ. ಟಾರ್ಗೆಟ್ ಇಲ್ಲದಿದ್ದರೇನಂತೆ ಎಂದು ಜಾವಾಸ್ಕ್ರಿಪ್ಟಿನಲ್ಲಿ ಕಿಟಕಿ ತೆರೆದರು. ಕೊನೆಗೆ 2014ರಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್5ರಲ್ಲಿ ಟಾರ್ಗೆಟ್ ಮರಳಿ ಗೌರವದ ಸ್ಥಾನ ಪಡೆಯಿತು.

ನಡುವೆ ಬಂದದ್ದು ಟ್ಯಾಬು. 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್‌ನ ಮೊದಲ ಆವೃತ್ತಿ ಇದನ್ನು ಜನಪ್ರಿಯಗೊಳಿಸಿತು, 2006ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕೂಡ ಒಪ್ಪಿಕೊಂಡಿತು. ಕಿಟಕಿಗಳು ಒಂದರ ಮೇಲೊಂದು ಕವುಚಿಕೊಳ್ಳುವ ಬದಲು ಸಾಲಾಗಿ ನಿಂತವು. ಹಳೆಯ ಜಗಳ ಇನ್ನು ಮುಗಿಯಿತು ಎಂದವರುಂಟು. ದೊಡ್ಡ ಪರದೆಯ ಮುಂದೆ ದಿನವೆಲ್ಲ ಕೂರುವ ಸಾಫ್ಟ್‌ವೇರ್ ಎಂಜಿನಿಯರಿಗೆ ಅದು ಮುಗಿದಿರಲೂಬಹುದು. ಅವನಿಗೆ ಇಪ್ಪತ್ತು ಟ್ಯಾಬು ಲೆಕ್ಕಕ್ಕೇ ಇಲ್ಲ.

ಆದರೆ ಮನೆಯಲ್ಲಿ ಅವನೊಬ್ಬನೇ ಇರುವುದಿಲ್ಲವಲ್ಲ. ಅರವತ್ತು ದಾಟಿದ ಮೇಲೆ ಸ್ಮಾರ್ಟ್ ಫೋನ್ ಹಿಡಿದ ಅಜ್ಜನಿಗೆ ಟ್ಯಾಬು ಕಣ್ಣಿಗೇ ಬೀಳುವುದಿಲ್ಲ. ಫೋನಿನ ಮೂಲೆಯ ಪುಟ್ಟ ಚೌಕದೊಳಗೆ ಒಂದು ಅಂಕಿ ಬೆಳೆಯುತ್ತಾ ಹೋಗುತ್ತದೆ, ಅಷ್ಟೆ. ಮೊಮ್ಮಗನ ಕೈಗೆ ಫೋನು ಸಿಕ್ಕ ದಿನ ಗೊತ್ತಾಗುತ್ತದೆ, ಒಳಗೆ ಎಪ್ಪತ್ತು ಪುಟಗಳು ಜೀವಂತವಾಗಿ ಕೂತಿವೆಯೆಂದು. ಕೆಲವು ಫೋನ್ ಬ್ರೌಸರುಗಳು ಇದನ್ನರಿತು, ಕೊಂಡಿಯಿಂದ ಹುಟ್ಟಿದ ಹೊಸ ಟ್ಯಾಬಿನಲ್ಲಿ ‘ಹಿಂದೆ’ ಒತ್ತಿದರೆ ಅದನ್ನು ಮುಚ್ಚಿ ಹಳೆಯ ಪುಟಕ್ಕೆ ಕರೆದೊಯ್ಯುವ ವ್ಯವಸ್ಥೆ ಮಾಡಿವೆ. ಮನೆಯ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಆ ಅನುಕೂಲವಿಲ್ಲ. ಅಲ್ಲಿ ಬಾಣ ಬೂದು.

ಕಣ್ಣು ಕಾಣದ ವಿದ್ಯಾರ್ಥಿಯ ಕಷ್ಟ ಇನ್ನೂ ಬೇರೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಅದನ್ನು ಬಳಸುವವರು ಪುಟವನ್ನು ಒಂದೇ ನೋಟಕ್ಕೆ ಕಾಣಲಾರರು. ಒಂದಾದ ಮೇಲೊಂದರಂತೆ ಕೇಳಿಸಿಕೊಳ್ಳುತ್ತ ಹೋಗಬೇಕು. ಮುನ್ಸೂಚನೆಯಿಲ್ಲದೆ ಕಿಟಕಿ ಬದಲಾದರೆ ಕೇಳುತ್ತಿದ್ದ ಎಳೆಯೇ ಕಡಿಯುತ್ತದೆ. ಕಾಣುವವರಿಗೆ ಒಂದು ಕ್ಷಣದ ಕಿರಿಕಿರಿಯಾದದ್ದು ಅವರಿಗೆ ಮೊದಲಿನಿಂದ ಕೇಳಿಸಿಕೊಳ್ಳುವ ಕೆಲಸ.

ಹಾಗಾದರೆ ಎಲ್ಲ ಕೊಂಡಿಯೂ ಅದೇ ಕಿಟಕಿಯಲ್ಲೇ ತೆರೆಯಬೇಕೆ? ಇಲ್ಲ. ಆಪ್ಷನ್ ಎಂಟ್ರಿಯ ಉದಾಹರಣೆಯೇ ಇದಕ್ಕೆ ಸಾಕ್ಷಿ. ಅರ್ಜಿಯನ್ನು ಅರ್ಧ ತುಂಬಿ, ಇನ್ನೂ ಉಳಿಸಿರುವುದಿಲ್ಲ. ‘ಸೂಚನೆಗಳಿಗಾಗಿ ಇಲ್ಲಿ ಒತ್ತಿ’ ಎಂದಿರುತ್ತದೆ. ಅದನ್ನು ಒತ್ತಿದಾಗ ಅರ್ಜಿಯ ಪುಟವೇ ಹೋಗಿ ಸೂಚನೆಯ ಪುಟ ಬಂದರೆ, ಮರಳಿ ಬರುವಷ್ಟರಲ್ಲಿ ಬರೆದದ್ದೆಲ್ಲ ಅಳಿಸಿಹೋಗಿರಬಹುದು. ಅರ್ಧ ಗಂಟೆಯ ಶ್ರಮ ಹಾಗೆ ಕರಗಿದಾಗ ಮನೆಯಲ್ಲಿ ನಡೆಯುವ ಸಂಭಾಷಣೆಯನ್ನು ಇಲ್ಲಿ ಬರೆಯದಿರುವುದೇ ಒಳ್ಳೆಯದು. ಡಬ್ಲ್ಯೂ3ಸಿಯ ಈಗಿನ ಮಾರ್ಗದರ್ಶನ ಇದನ್ನು ಬಿಡಿಸಿ ಹೇಳುತ್ತದೆ. ಹಲವು ಹಂತದ ಅರ್ಜಿ ತುಂಬುತ್ತಿರುವಾಗ ಸಹಾಯದ ಪುಟ ತೋರಿಸಬೇಕಾದರೆ ಹೊಸ ಕಿಟಕಿ ವಾಸಿ. ಗುಪ್ತಪದ ಕೊಟ್ಟು ಒಳಗಿರುವಾಗ ಹೊರಗಿನ ಕೊಂಡಿ ಒತ್ತಿದರೆ ಲಾಗಿನ್ ಕಡಿದುಹೋಗುವಂತಿದ್ದರೂ ಹೊಸ ಕಿಟಕಿ ವಾಸಿ. ಮಿಕ್ಕ ಕಡೆ ಅದೇ ಕಿಟಕಿ.

ಪಿಡಿಎಫ್‌ನದು ಇನ್ನೊಂದು ಕಥೆ. ಕಟ್‌ಆಫ್ ಪಟ್ಟಿ, ಶುಲ್ಕದ ಆದೇಶ, ವೇಳಾಪಟ್ಟಿ ಎಲ್ಲವೂ ಪಿಡಿಎಫ್ ಕಡತಗಳೇ. ಕಡತ ಓದಿ ಮುಗಿದ ಮೇಲೆ ಜನ ‘ಹಿಂದೆ’ ಒತ್ತುವುದಿಲ್ಲ. ವರ್ಡ್ ಕಡತ ಮುಚ್ಚುವಂತೆ ಮೂಲೆಯ ಗುಣಿಸು ಚಿಹ್ನೆ ಒತ್ತಿ ಮುಚ್ಚುತ್ತಾರೆ. ಕಡತ ಅದೇ ಕಿಟಕಿಯಲ್ಲಿ ತೆರೆದಿದ್ದರೆ ಅದರ ಜೊತೆ ತಾಣವೂ ಹೋಯಿತು. 1999ರಲ್ಲಿ ಹೊಸ ಕಿಟಕಿಯನ್ನು ಬೈದಿದ್ದ ಅದೇ ನೀಲ್ಸನ್ 2005ರಲ್ಲಿ, ಪಿಡಿಎಫ್‌ನಂಥ ಜಾಲಪುಟವಲ್ಲದ ಕಡತಗಳನ್ನು ಮಾತ್ರ ಹೊಸ ಕಿಟಕಿಯಲ್ಲಿ ತೆರೆಯಿರಿ ಎಂದು ಸಲಹೆ ಕೊಟ್ಟರು. ಮಾತು ಬದಲಿಸಿದರೆಂದು ಯಾರಾದರೂ ನಗಬಹುದು. ಜನ ನಿಜಕ್ಕೂ ಯಾವ ಗುಂಡಿ ಒತ್ತುತ್ತಾರೆಂದು ಕೂತು ನೋಡಿದವನಿಗೆ ಮಾತ್ರ ಹೀಗೆ ಬದಲಿಸಲು ಸಾಧ್ಯ.

ಈ ವಿನಾಯಿತಿಗಳನ್ನು ಬಿಟ್ಟರೆ ತೂಕ ಒಂದೇ ಕಡೆಗೆ ವಾಲುತ್ತದೆ, ಅದಕ್ಕೆ ಕಾರಣ ಬಹಳ ಸಣ್ಣದು. ಕೊಂಡಿ ಅದೇ ಕಿಟಕಿಯಲ್ಲಿ ತೆರೆಯುವಂತಿದ್ದರೆ, ಹೊಸ ಕಿಟಕಿ ಬೇಕಾದವನು ತಾನೇ ತೆರೆದುಕೊಳ್ಳಬಲ್ಲ. ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಕೊಂಡಿ ಒತ್ತಿದರೆ ಹೊಸ ಟ್ಯಾಬು. ಮೌಸಿನ ನಡುವಿನ ಚಕ್ರ ಒತ್ತಿದರೂ ಅದೇ. ಶಿಫ್ಟ್ ಹಿಡಿದು ಒತ್ತಿದರೆ ಹೊಸ ಕಿಟಕಿಯೇ. ಫೋನಿನಲ್ಲಾದರೆ ಕೊಂಡಿಯ ಮೇಲೆ ಬೆರಳನ್ನು ತುಸು ಹೊತ್ತು ಊರಿದರೆ ಸಾಕು, ಆಯ್ಕೆಗಳ ಪಟ್ಟಿ ಬರುತ್ತದೆ. ಆದರೆ ತಾಣದವರೇ ಹೊಸ ಕಿಟಕಿ ಹೇರಿದರೆ, ಬೇಡ, ಇದರಲ್ಲೇ ತೆರೆ ಎನ್ನಲು ಅಂಥ ಸುಲಭದ ಕೀಲಿ ಯಾವುದೂ ಇಲ್ಲ. ಒಂದು ಕ್ರಮದಲ್ಲಿ ಎರಡು ದಾರಿಯೂ ತೆರೆದಿವೆ. ಇನ್ನೊಂದರಲ್ಲಿ ಒಂದೇ.

‘ಓದುಗ ಹೊರಟು ಹೋದರೆ ಮತ್ತೆ ಬರುವುದಿಲ್ಲ’ ಎಂಬ ಒಡೆಯರ ಭಯಕ್ಕೂ ಉತ್ತರ ಇದರಲ್ಲೇ ಇದೆ. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ. ಅದರಲ್ಲಿ ಬಸವನಗುಡಿ ಎಂದು ಓದಲು ಹೊರಟ ವಿದ್ಯಾರ್ಥಿ ಕೆಂಪೇಗೌಡ, ವಿಜಯನಗರ, ಹಂಪಿ ಎಂದು ಎಲ್ಲೆಲ್ಲೋ ಅಲೆದು ಬರಬಹುದು. ಎಲ್ಲವೂ ಒಂದೇ ಕಿಟಕಿಯಲ್ಲಿ. ಹೊರಗಿನ ತಾಣದ ಕೊಂಡಿಗಳೂ ಅಲ್ಲಿ ತಾವಾಗಿ ಹೊಸ ಟ್ಯಾಬು ತೆರೆಯುವುದಿಲ್ಲ. ಹಾಗೆಂದು ವಿಕಿಪೀಡಿಯಕ್ಕೆ ಓದುಗರು ಕಡಿಮೆಯಾದರೆ? ‘ಹಿಂದೆ’ ಗುಂಡಿ ನಂಬುವಂತಿದ್ದರೆ ಜನ ಧೈರ್ಯವಾಗಿ ದೂರ ಹೋಗುತ್ತಾರೆ, ಹೋದವರು ಬರುತ್ತಾರೆ.

ಸರ್ಕಾರಿ ತಾಣಗಳ ನಿಲುವು ಕುತೂಹಲಕರ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, 2009ರಲ್ಲಿ ಭಾರತ ಸರ್ಕಾರದ ಜಾಲತಾಣಗಳಿಗೆ ಮಾರ್ಗಸೂಚಿ ರೂಪಿಸಿತು. ಅದರ ಮೂರನೇ ಆವೃತ್ತಿ 2023ರಲ್ಲಿ ಬಂತು. ಹೊರತಾಣಕ್ಕೆ ಹೋಗುತ್ತಿರುವುದನ್ನು ಬಳಕೆದಾರನಿಗೆ ಮೊದಲೇ ತಿಳಿಸಬೇಕೆಂಬುದು ಅದರ ಆಶಯ. ಅದರಂತೆ ಅನೇಕ ಜಿಲ್ಲಾ ತಾಣಗಳಲ್ಲಿ ಹೊರಗಿನ ಕೊಂಡಿ ಒತ್ತಿದೊಡನೆ, ಇದು ಬೇರೆ ತಾಣಕ್ಕೆ ಕರೆದೊಯ್ಯುತ್ತದೆ ಎಂಬ ಪುಟ್ಟ ಚೌಕ ಎದುರಾಗುತ್ತದೆ. ಒಪ್ಪಿದರೆ ಹೊಸ ಕಿಟಕಿ. ಪ್ರತಿ ಸಲವೂ ಒಪ್ಪಿಗೆ ಒತ್ತುವುದು ಬೇಸರವೇ. ಆದರೂ ಸುಮ್ಮನೆ ಕಿಟಕಿ ತೆರೆದು ಕೈತೊಳೆದುಕೊಳ್ಳುವ ಖಾಸಗಿ ತಾಣಗಳಿಗಿಂತ ಇದು ಮರ್ಯಾದಸ್ಥ ನಡವಳಿಕೆ. ಅಂಗಡಿಯವನು ‘ಅದು ನಮ್ಮಲ್ಲಿಲ್ಲ ಸ್ವಾಮಿ, ಪಕ್ಕದಲ್ಲಿ ಕೇಳಿ’ ಎಂದು ಬಾಯಿಬಿಟ್ಟು ಹೇಳಿದಂತೆ.

ಎಂಜಿನಿಯರಿಂಗ್ ಸೇರಿದ ಮಕ್ಕಳು ಬೇಗನೆ ತಾವೇ ತಾಣ ಕಟ್ಟತೊಡಗುತ್ತಾರೆ. ಕಾಲೇಜು ಹಬ್ಬಕ್ಕೊಂದು, ಪ್ರಾಜೆಕ್ಟಿಗೊಂದು, ಚಿಕ್ಕಪ್ಪನ ಅಂಗಡಿಗೊಂದು. ಎಲ್ಲ ಕೊಂಡಿಗೂ ಕಣ್ಣುಮುಚ್ಚಿ ಬ್ಲ್ಯಾಂಕ್ ಹಾಕುವ ಚಟ ಅಂಟುವುದು ಆಗಲೇ. ಅವರಿಗೆ ಗೊತ್ತಿರಬೇಕಾದ ಇನ್ನೊಂದು ಅಪಾಯವಿದೆ. ಹೀಗೆ ತೆರೆದ ಹೊಸ ಪುಟಕ್ಕೂ ತೆರೆದ ಹಳೆಯ ಪುಟಕ್ಕೂ ನಡುವೆ ಕಾಣದ ದಾರವೊಂದಿತ್ತು. ಕೇಡಿಗನ ಪುಟ ಆ ದಾರ ಎಳೆದು, ಹಿಂದೆ ಉಳಿದ ಪುಟವನ್ನು ಸದ್ದಿಲ್ಲದೆ ನಕಲಿ ಲಾಗಿನ್ ಪುಟವಾಗಿ ಬದಲಿಸಬಹುದಿತ್ತು. ಓದುಗ ಹಳೆಯ ಟ್ಯಾಬಿಗೆ ಮರಳಿದಾಗ ಗುಪ್ತಪದ ಕೇಳುತ್ತದೆ. ಲಾಗಿನ್ ಅವಧಿ ಮುಗಿದಿರಬೇಕು ಎಂದುಕೊಂಡು ಅವನು ಕೊಡುತ್ತಾನೆ. ದಾರ ಕತ್ತರಿಸಲು ಕೊಂಡಿಯಲ್ಲಿ ‘ನೋಓಪನರ್’ ಎಂದು ಬರೆಯಬೇಕಿತ್ತು, ಬಹಳ ಮಂದಿ ಬರೆಯುತ್ತಿರಲಿಲ್ಲ. ಕೊನೆಗೆ ಬ್ರೌಸರುಗಳೇ ಕತ್ತರಿ ಹಿಡಿದವು: ಸಫಾರಿ 2019ರಲ್ಲಿ, ಫೈರ್‌ಫಾಕ್ಸ್ 2020ರಲ್ಲಿ, ಕ್ರೋಮ್ 2021ರ ಜನವರಿಯಲ್ಲಿ. ಹಳೆಯ ಫೋನುಗಳಲ್ಲಿ ಹಳೆಯ ಬ್ರೌಸರು ಇನ್ನೂ ಇರುವುದರಿಂದ ಆ ಒಂದು ಪದ ಬರೆದರೆ ನಷ್ಟವೇನಿಲ್ಲ.

ಅರ್ಜಿ ತುಂಬುವ ಮನೆಮಂದಿಗೆ ಬೇಕಾದದ್ದು ಕಡಿಮೆ. ಪಟ್ಟಿಯಿರುವ ಪುಟವನ್ನು ಒಂದು ಕಿಟಕಿಯಲ್ಲಿ ಒಂಟಿಯಾಗಿ ಬಿಟ್ಟು, ಕಾಲೇಜುಗಳ ಹುಡುಕಾಟವನ್ನೆಲ್ಲ ಇನ್ನೊಂದು ಕಿಟಕಿಯಲ್ಲಿ ಮಾಡುವುದು. ಹತ್ತು ಆಯ್ಕೆ ಬರೆದೊಡನೆ ಉಳಿಸುವುದು, ಎಲ್ಲ ಮುಗಿಯಲಿ ಎಂದು ಕಾಯದಿರುವುದು. ಅವಸರದಲ್ಲಿ ಬೇಕಾದ ಟ್ಯಾಬನ್ನೇ ಮುಚ್ಚಿದರೆ ಕಂಟ್ರೋಲ್, ಶಿಫ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಮರಳಿ ತೆರೆಯುತ್ತದೆ. ಉಳಿಸದ ಬರಹ ಮಾತ್ರ ಜೊತೆಗೆ ಬರುತ್ತದೆಂಬ ಭರವಸೆಯಿಲ್ಲ.

ತಾಣ ಕಟ್ಟುವ ಮಕ್ಕಳು ಹೊಸ ಕಿಟಕಿ ಅನಿವಾರ್ಯವಾದ ಕಡೆ ಕೊಂಡಿಯ ಪಕ್ಕದಲ್ಲಿ ಬಾಣವಿರುವ ಚೌಕದ ಚಿಹ್ನೆ ಹಾಕುತ್ತಾರೆ. ಆ ಚಿಹ್ನೆಯ ಅರ್ಥ ತಿಳಿದವರಿಗೆ ಎಚ್ಚರಿಕೆಯೇ ಬೇಕಿಲ್ಲ, ತಿಳಿಯದವರಿಗೆ ಅದು ಬರಿಯ ಚೌಕ. ‘ಶುಲ್ಕದ ವಿವರ (ಪಿಡಿಎಫ್, ಹೊಸ ಟ್ಯಾಬಿನಲ್ಲಿ ತೆರೆಯುತ್ತದೆ)’ ಎಂದು ಕೊಂಡಿಯ ಒಳಗೇ ಕನ್ನಡದಲ್ಲಿ ಬರೆದರೆ ಅಜ್ಜನೂ ಓದುತ್ತಾರೆ, ಎನ್‌ವಿಡಿಎಯೂ ಓದಿ ಹೇಳುತ್ತದೆ.